ಹಿಮಬಂಡಿಯ ಅಜ್ಞಾತವಾಸ



ಕೆನಡಾ ದೇಶದ ಕ್ವಿಬೆಕ್ ಪ್ರಾಂತದಲ್ಲಿ, ಅಮೆರಿಕದ ಮಿನ್ನೆಸೋಟ ವಿಸ್ಕಾನ್ಸಿನ್ ಸೀಮೆಗಳಲ್ಲಿ, ಯುರೋಪಿನ ಉತ್ತರದ ಅಂಚಿನಲ್ಲಿ ಹಿಮಸಾರಂಗಗಳನ್ನು ಸಾಕಿಕೊಂಡು ಬಾಳುವ ಸಾಮಿ ಜನರ ನಡುವೆ, ಡಿಸೆಂಬರಿನಿಂದ ಮಾರ್ಚಿನವರೆಗೆ ಬಿಡುವಿಲ್ಲದೆ ಓಡಾಡಿ, ಹಿಮ ಕರಗಿದೊಡನೆಯೇ ಕೊಟ್ಟಿಗೆಯ ಮೂಲೆಯನ್ನು ಸೇರಿ, ಮತ್ತೆ ಹಿಮ ಬಿದ್ದು ಗಟ್ಟಿಯಾಗುವ ತನಕ ಏಳೆಂಟು ತಿಂಗಳು ಯಾರ ಕಣ್ಣಿಗೂ ಬೀಳದೆ ಕಾಲ ಕಳೆಯುವ ವಾಹನವೊಂದುಂಟು. ಮುಂದೆ ಎರಡು ಜಾರುಹಲಗೆಗಳು, ಹಿಂದೆ ಅಗಲವಾದೊಂದು ರಬ್ಬರಿನ ಪಟ್ಟಿ, ಮೇಲೆ ಮೋಟಾರ್ ಸೈಕಲಿನದರಂತೆ ಕಾಲು ಇಳಿಬಿಟ್ಟು ಕೂರುವ ಆಸನ, ಆಸನದ ಮುಂದೆ ಮುಸುಕಿನೊಳಗೆ ಎಂಜಿನ್: ಇಷ್ಟು ಅದರ ಸ್ವರೂಪ. ಲೋಕವೆಲ್ಲ ಅದನ್ನು ಸ್ನೋಮೊಬೈಲ್ ಎನ್ನುತ್ತದೆ. ನಾನು ಹಿಮಬಂಡಿಯೆಂದು ಕರೆದರೆ ತಾವು ಬೇಸರಪಡಲಾರಿರಿ. ಪಾಂಡವರು ವಿರಾಟನ ಪಟ್ಟಣವನ್ನು ಹೊಗುವ ಮುನ್ನ ತಮ್ಮ ಆಯುಧಗಳನ್ನು ಶಮೀವೃಕ್ಷದ ಮೇಲೆ ಕಟ್ಟಿಟ್ಟು ಹೋದರಷ್ಟೆ. ವರುಷ ತುಂಬಿದ ಮೇಲೆ ಅರ್ಜುನನು ಗಾಂಡೀವವನ್ನು ಕೈಗೆತ್ತಿಕೊಂಡು ಹೆದೆಯೇರಿಸಿದಾಗ ಅದು ಎಂದಿನಂತೆಯೇ ಝೇಂಕರಿಸಿತು. ದೇವತೆಗಳು ಕೊಟ್ಟ ಆಯುಧದ ಮಾತು ಬೇರೆ. ಮನುಷ್ಯನು ಎರಕ ಹೊಯ್ದು, ಕಡೆದು, ಜೋಡಿಸಿದ ಎಂಜಿನ್ನಿಗೆ ಅಜ್ಞಾತವಾಸದ ಅವಧಿಯೇ ಗಂಡಾಂತರದ ಕಾಲ. ಹಿಮಬಂಡಿಯ ಮಟ್ಟಿಗಂತೂ ಚಳಿಗಾಲದ ದುಡಿಮೆಯಿಂದ ಕೆಟ್ಟ ಎಂಜಿನ್ನುಗಳ ಜೊತೆಗೆ ಬೇಸಗೆಯ ವಿಶ್ರಾಂತಿಯಿಂದ ಕೆಟ್ಟವುಗಳನ್ನೂ ಎಣಿಕೆಗೆ ತಂದುಕೊಳ್ಳಲೇಬೇಕು.

ಈ ಬಂಡಿಯ ಹುಟ್ಟಿನ ಕಥೆ ದೀರ್ಘವಾದುದು. ನಮಗೆ ಬೇಕಾದಷ್ಟನ್ನು ಮಾತ್ರ ಹೇಳುತ್ತೇನೆ. ವಿಸ್ಕಾನ್ಸಿನ್ನಿನ ಸೇನರ್ ಎಂಬ ಊರಿನಲ್ಲಿ ಕಾರ್ಲ್ ಎಲಿಯಾಸನ್ ಎಂಬಾತನು 1924ರಲ್ಲಿಯೇ ಮರದ ಜಾರುಬಂಡಿಗೆ ಎಂಜಿನ್ ಕೂಡಿಸಿ ಓಡಿಸಿದ್ದನು. ಆದರೆ ಈ ವಿದ್ಯೆಯನ್ನು ಜನಜೀವನದ ಅಂಗವಾಗಿಸಿದ ಕೀರ್ತಿ ಕ್ವಿಬೆಕ್ ಪ್ರಾಂತದ ವಾಲ್ಕೂರ್ ಗ್ರಾಮದ ಜೋಸೆಫ್ ಅರ್ಮಾಂ ಬೊಂಬಾರ್ಡಿಯೆಗೆ ಸಲ್ಲುತ್ತದೆ. 1907ರಲ್ಲಿ ಜನಿಸಿ, ಹತ್ತೊಂಬತ್ತನೆಯ ವಯಸ್ಸಿಗೇ ಸ್ವಂತ ಗ್ಯಾರೇಜು ತೆರೆದಿದ್ದ ಈತನ ಎರಡು ವರ್ಷದ ಗಂಡುಮಗುವು 1934ರ ಚಳಿಗಾಲದಲ್ಲಿ ಅಪೆಂಡಿಸೈಟಿಸ್ ಬೇನೆಯಿಂದ ನರಳಿ, ದಾರಿಗಳೆಲ್ಲ ಹಿಮದಲ್ಲಿ ಹೂತುಹೋಗಿ ಆಸ್ಪತ್ರೆಯನ್ನು ಮುಟ್ಟಲಾಗದೆ ತೀರಿಕೊಂಡಿತು. ಹಲ್ಲುಚಕ್ರವೊಂದು ರಬ್ಬರಿನ ಪಟ್ಟಿಯನ್ನು ಎಳೆದು ತಿರುಗಿಸುವ ತನ್ನ ವಿಧಾನಕ್ಕೆ ಆತನು ಪೇಟೆಂಟ್ ಪಡೆದದ್ದು 1937ರಲ್ಲಿ. ಏಳು ಮಂದಿ ಕೂರಬಹುದಾದ ಬಿ-7 ಎಂಬ ಮುಚ್ಚುಗಾಡಿ ಹೊರಬಂದು, ಹಳ್ಳಿಗಾಡಿನ ವೈದ್ಯರಿಗೂ ಟಪ್ಪಾಲಿನವರಿಗೂ ವಾಹನವಾದದ್ದು ಆ ತರುವಾಯ. ಒಬ್ಬಿಬ್ಬರು ಏರಿಹೋಗುವ ಸಣ್ಣ ಬಂಡಿಗೆ ತಕ್ಕ ಹಗುರವಾದ ಎಂಜಿನ್ನಿಗಾಗಿ ಮತ್ತೆ ಇಪ್ಪತ್ತು ವರ್ಷ ಕಾಯಬೇಕಾಯಿತು. 1959ರಲ್ಲಿ ಸ್ಕೀ-ಡೂ ಮಾರುಕಟ್ಟೆಗೆ ಬಂತು. 1964ರಲ್ಲಿ ಬೊಂಬಾರ್ಡಿಯೆ ಕಾಲವಾದನು. ಆ ದಶಕ ಮುಗಿಯುವುದರೊಳಗಾಗಿ ಲ್ಯಾಪ್‌ಲೆಂಡಿನ ಸಾರಂಗಪಾಲಕರು ತಲೆತಲಾಂತರದಿಂದ ಬಂದ ಸಾರಂಗದ ಜಾರುಬಂಡಿಗಳನ್ನು ಬದಿಗೊತ್ತಿ ಈ ಯಂತ್ರವನ್ನೇ ನೆಚ್ಚಿಕೊಂಡಿದ್ದರು.

ಎಂಜಿನ್ ಹಗುರವಾಗಿರಬೇಕೆಂಬುದರಿಂದಲೇ ನಮ್ಮ ಇಂದಿನ ಸಮಸ್ಯೆ ಹುಟ್ಟಿಕೊಂಡಿತು. ಮೆತ್ತನೆಯ ಹಿಮದ ಮೇಲೆ ಭಾರವೇರಿದಷ್ಟೂ ಬಂಡಿ ಹೂತುಕೊಳ್ಳುವುದಾದ್ದರಿಂದ, ಕಡಮೆ ತೂಕದಲ್ಲಿ ಹೆಚ್ಚು ಬಲ ಕೊಡುವ ಟೂ ಸ್ಟ್ರೋಕ್ ಎಂಜಿನ್ನೇ ಅದಕ್ಕೆ ತಕ್ಕುದೆನಿಸಿತು; 1960ರ ದಶಕದಿಂದ ಆಸ್ಟ್ರಿಯಾದ ರೋಟಾಕ್ಸ್ ಎಂಜಿನ್ನುಗಳು ಈ ಬಂಡಿಗಳಲ್ಲಿ ನೆಲೆಯೂರಿದವು. ಕನ್ನಡಿಗರಿಗೆ ಟೂ ಸ್ಟ್ರೋಕ್ ಅಪರಿಚಿತವೇನೂ ಅಲ್ಲ. ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ ತಯಾರಾಗತೊಡಗಿದ ಜಾವಾ, ಆಮೇಲಿನ ಯೆಜ್ಡಿ, ಇವುಗಳನ್ನು ಏರಿದವರು ಪೆಟ್ರೋಲ್ ಬಂಕಿನಲ್ಲಿ ಅಳತೆಯ ಆಯಿಲ್ ಬೆರೆಸಿ ಹಾಕಿಸಿಕೊಂಡದ್ದನ್ನು ಮರೆತಿರಲಾರರು. ಆ ಆಯಿಲ್ ಏತಕ್ಕೆ ಎಂಬುದನ್ನು ತಿಳಿದರೆ ಹಿಮಬಂಡಿಯ ಬೇಸಗೆಯ ಸಂಕಟವೂ ಅರ್ಧ ತಿಳಿದಂತೆಯೇ.

ಫೋರ್ ಸ್ಟ್ರೋಕ್ ಎಂಜಿನ್ನಿಗೆ ತನ್ನದೇ ಆದ ಎಣ್ಣೆಯ ಸಂಗ್ರಹವಿರುತ್ತದೆ. ಎಂಜಿನ್ ನಿಂತ ಮೇಲೂ ಆ ಎಣ್ಣೆ ಅಲ್ಲಿಯೇ ಉಳಿದು ಒಳಗಿನ ಭಾಗಗಳಿಗೆ ಒಂದಿಷ್ಟು ಆಶ್ರಯ ಕೊಡುತ್ತದೆ. ಟೂ ಸ್ಟ್ರೋಕಿಗೆ ಆ ಭಾಗ್ಯವಿಲ್ಲ. ಪೆಟ್ರೋಲಿನೊಡನೆ ಬೆರೆತೋ, ಪುಟ್ಟ ಪಂಪೊಂದರ ಮೂಲಕ ತೊಟ್ಟುತೊಟ್ಟಾಗಿಯೋ ಬರುವ ಎಣ್ಣೆಯು ತುಂತುರಾಗಿ ಕ್ರ್ಯಾಂಕ್‌ಕೇಸನ್ನು ಹೊಕ್ಕು, ಬೇರಿಂಗುಗಳನ್ನು ತೋಯಿಸಿ, ಪಿಸ್ಟನ್ನಿನ ಮೇಲಕ್ಕೇರಿ, ಕಡೆಗೆ ಉರಿದು ಹೊಗೆಯಾಗಿ ಹೋಗುತ್ತದೆ. ಅಂದಂದಿನ ಎಣ್ಣೆ ಅಂದಂದಿಗೇ. ನಾಳೆಗೆಂದು ಕೂಡಿಟ್ಟದ್ದು ಏನೂ ಇಲ್ಲ. ಇದು ಸಾಲದೆಂಬಂತೆ, ಈ ಎಂಜಿನ್ನಿನ ಹೊಟ್ಟೆಯೇ ಅದರ ಶ್ವಾಸಕೋಶವೂ ಆಗಿದೆ. ಹೊರಗಿನ ಗಾಳಿ ಮೊದಲು ಬರುವುದು ಬೇರಿಂಗುಗಳು ಇರುವ ಕ್ರ್ಯಾಂಕ್‌ಕೇಸಿಗೇ, ಅಲ್ಲಿಂದ ಸಿಲಿಂಡರಿಗೆ. ಹೊಗೆ ಹೊರಹೋಗುವ ಕಡೆ ತೆರೆದು ಮುಚ್ಚುವ ವಾಲ್ವುಗಳಿಲ್ಲ. ಸಿಲಿಂಡರಿನ ಗೋಡೆಯಲ್ಲಿರುವ ಕಿಂಡಿಗಳನ್ನು ಪಿಸ್ಟನ್ ತಾನೇ ಸರಿದಾಡಿ ಮುಚ್ಚುತ್ತದೆ, ತೆರೆಯುತ್ತದೆ. ಎರಡು ಸಿಲಿಂಡರಿನ ಎಂಜಿನ್ನಿನಲ್ಲಿ ಒಂದು ಪಿಸ್ಟನ್ ಮೇಲಿದ್ದರೆ ಮತ್ತೊಂದು ಕೆಳಗಿರುವುದರಿಂದ, ಬಂಡಿ ನಿಂತಾಗ ಒಂದಲ್ಲ ಒಂದು ಸಿಲಿಂಡರು ಬಹುಮಟ್ಟಿಗೆ ಬಾಯ್ದೆರೆದೇ ಇರುತ್ತದೆ; ಸೈಲೆನ್ಸರಿನ ಕೊಳವೆಯಲ್ಲಿ ಹಾದು ಬಂದ ಹೊರಗಿನ ಗಾಳಿಗೆ ತಡೆಯೆಂಬುದಿಲ್ಲ.

ಆ ಗಾಳಿಯಿಂದ ಏನು ಕೇಡು ಎನ್ನುವಿರಾ? ಜನವರಿಯ ಗಾಳಿಯಿಂದ ಏನೂ ಇಲ್ಲ. ಚಳಿಯನ್ನೇ ಕೊಟ್ಟಿಗೆಯ ಯಂತ್ರದ ಶತ್ರುವೆಂದು ನಮ್ಮ ಉಷ್ಣದೇಶದವರು ಊಹಿಸುವುದುಂಟು. ಆದರೆ ಶೂನ್ಯಕ್ಕಿಂತ ಇಪ್ಪತ್ತು ಮೂವತ್ತು ಡಿಗ್ರಿ ಕೆಳಗಿಳಿದ ಗಾಳಿಯಲ್ಲಿ ನೀರಿನ ಆವಿ ಇರುವುದೇ ಅತ್ಯಲ್ಪ. ಒಂದು ಘನ ಮೀಟರಿನಷ್ಟು ಗಾಳಿಯು ಶೂನ್ಯ ಡಿಗ್ರಿಯಲ್ಲಿ 5 ಗ್ರಾಮಿನಷ್ಟು ನೀರಾವಿಯನ್ನು ಮಾತ್ರ ಧರಿಸಬಲ್ಲುದು. 20 ಡಿಗ್ರಿಯಲ್ಲಾದರೋ 17 ಗ್ರಾಮಿನಷ್ಟನ್ನು. ಕೇಡುಗಾಲ ಮೊದಲಾಗುವುದು ವಸಂತದಲ್ಲಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ರಾತ್ರಿ ಇನ್ನೂ ಕೊರೆಯುತ್ತಿರುತ್ತದೆ. ಹಗಲು ಬಿಸಿಲೇರಿ, ಕರಗಿದ ಹಿಮದ ನೀರು ನೆಲದಿಂದ ಆವಿಯಾಗಿ ಏಳುತ್ತಿರುತ್ತದೆ. ಹತ್ತಾರು ಕಿಲೋ ತೂಗುವ ಲೋಹದ ಮುದ್ದೆಯಾದ ಎಂಜಿನ್ ಗಾಳಿಯಷ್ಟು ಬೇಗ ಬಿಸಿಯಾಗದು. ಗಾಳಿ 20 ಡಿಗ್ರಿಯಿದ್ದು ಅದರ ಆರ್ದ್ರತೆ ನೂರಕ್ಕೆ ಅರುವತ್ತರಷ್ಟಿದ್ದರೆ, 12 ಡಿಗ್ರಿಗಿಂತ ತಣ್ಣಗಿರುವ ಯಾವ ವಸ್ತುವಿನ ಮೇಲೆಯೇ ಆಗಲಿ ಇಬ್ಬನಿ ಕಟ್ಟುತ್ತದೆ. ಕೊಟ್ಟಿಗೆಯ ಬಾಗಿಲು ತೆರೆದ ಬೆಳಗಿನ ಹೊತ್ತಿನಲ್ಲಿ ಎಂಜಿನ್ನಿನ ಮೈ ಎಂಟು ಹತ್ತು ಡಿಗ್ರಿಯಲ್ಲಿರುವುದು ಸಾಮಾನ್ಯ. ಹೊರಮೈಯ ಮೇಲೆ ಕಟ್ಟಿದ ಹನಿ ಕಣ್ಣಿಗೆ ಕಾಣುತ್ತದೆ, ಒಣಗಿಯೂ ಹೋಗುತ್ತದೆ. ಒಳಗೆ ಕಟ್ಟಿದ್ದು ಕಾಣುವುದೂ ಇಲ್ಲ, ಬೇಗ ಒಣಗುವುದೂ ಇಲ್ಲ. ನಾಳೆ ಬೆಳಗಾದರೆ ಅದಕ್ಕೆ ಮತ್ತೊಂದು ಪದರ.

ಸಿಲಿಂಡರಿನ ಒಳಗೋಡೆಗೆ ಇತ್ತೀಚಿನ ಎಂಜಿನ್ನುಗಳಲ್ಲಿ ನಿಕಲ್ಲಿನ ಗಟ್ಟಿ ಲೇಪವಿರುವುದರಿಂದ ಅದು ಹೇಗೋ ತಾಳಿಕೊಳ್ಳುತ್ತದೆ. ಕ್ರ್ಯಾಂಕಿನ ಬೇರಿಂಗುಗಳಿಗೆ ಅಂಥ ಕವಚವಿಲ್ಲ. ಇವುಗಳಲ್ಲೊಂದನ್ನು ಬಿಚ್ಚಿ ಅಂಗೈಯ ಮೇಲಿಟ್ಟು ನೋಡಬೇಕು: ಗುಂಡಗಿನ ಪಂಜರವೊಂದರಲ್ಲಿ ಸಾಲಾಗಿ ಕೂರಿಸಿದ ಉಕ್ಕಿನ ಸಣ್ಣ ಸಣ್ಣ ರೋಲರುಗಳು, ಕನ್ನಡಿಯಂಥ ಹೊಳಪು, ಬೆರಳಿನಿಂದ ಮುಟ್ಟಿದರೆ ಬೆರಳ ಬೆವರಿಗೇ ಕಲೆ ಹಿಡಿಯುವಷ್ಟು ಸೂಕ್ಷ್ಮ. ಬೇಸಗೆಯೆಲ್ಲ ಒಂದೇ ಭಂಗಿಯಲ್ಲಿ ನಿಂತಿದ್ದ ಎಂಜಿನ್ನಿನಲ್ಲಿ, ರೋಲರು ತನ್ನ ಹಾದಿಯನ್ನು ಮುಟ್ಟಿಕೊಂಡಿದ್ದ ಜಾಗದಲ್ಲಿ ಕೂದಲೆಳೆಯಷ್ಟು ತೆಳ್ಳನೆಯ ಕಂದುಗೆರೆ ಮೂಡಿರುತ್ತದೆ. ಒರೆಸಿದರೆ ಬಣ್ಣ ಹೋಗುತ್ತದೆ. ಗೆರೆಯಿದ್ದೆಡೆಯಲ್ಲಿ ಲೋಹ ತಿಂದುಹೋಗಿ ಆದ ತಗ್ಗು ಹೋಗುವುದಿಲ್ಲ. ಡಿಸೆಂಬರಿನಲ್ಲಿ ಬಂಡಿ ಓಡತೊಡಗಿ ಎಂಜಿನ್ ನಿಮಿಷಕ್ಕೆ 8000 ಸುತ್ತು ತಿರುಗುವಾಗ, ಕ್ಷಣಕ್ಕೆ ನೂರಮೂವತ್ತಕ್ಕೂ ಮಿಗಿಲಾದ ಸಲ ಆ ತಗ್ಗಿನ ಅಂಚಿಗೆ ಪೆಟ್ಟು ಬೀಳುತ್ತದೆ. ಅಂಚು ಬಿರಿಯುತ್ತದೆ, ಚಕ್ಕೆಯೇಳುತ್ತದೆ, ಚಕ್ಕೆ ಮತ್ತೊಂದು ರೋಲರಿಗೆ ಸಿಕ್ಕುತ್ತದೆ. ಕಡೆಗೆ ಎಂಜಿನ್ ಜಾಮ್ ಆಗಿ ನಿಲ್ಲುವುದು ಹೆಪ್ಪುಗಟ್ಟಿದ ಕೆರೆಯೊಂದರ ನಡುವೆ, ಸಂಜೆಯ ಹೊತ್ತಿನಲ್ಲಿ. ಬಂಡಿಯ ಒಡೆಯನು ಆಯಿಲ್ ಮಾರಿದವನನ್ನೂ ಬಂಡಿ ಮಾಡಿದವರನ್ನೂ ಶಪಿಸುತ್ತಾನೆಯೇ ಹೊರತು, ಕಳೆದ ಮೇ ತಿಂಗಳ ಇಬ್ಬನಿಯನ್ನು ನೆನೆಯುವುದಿಲ್ಲ; ನಡುವೆ ಅಷ್ಟು ತಿಂಗಳು ಕಳೆದುಹೋಗಿರುವುದರಿಂದ ಕಾರ್ಯಕ್ಕೂ ಕಾರಣಕ್ಕೂ ಅವನು ಗಂಟು ಹಾಕದಿರುವುದು ಸಹಜವೇ.

ಬಂಡಿಯ ಮೇಲಿನ ಪ್ರೀತಿಯಿಂದ ಕೆಲವರು ಮಾಡುವ ಉಪಚಾರವೊಂದಿದೆ. ಅದನ್ನು ಇಲ್ಲಿಯೇ ಖಂಡಿಸಿಬಿಡುವುದು ಒಳ್ಳೆಯದು. ತಿಂಗಳಿಗೊಮ್ಮೆ ಕೊಟ್ಟಿಗೆಗೆ ಹೋಗಿ, ಎಂಜಿನ್ನನ್ನು ಎರಡು ನಿಮಿಷ ಓಡಿಸಿ, ‘ಕೈಕಾಲು ಆಡಿಸಿದಂತಾಯಿತು’ ಎಂದು ಸಮಾಧಾನಪಟ್ಟು ಬರುವುದು ಅವರ ಪದ್ಧತಿ. ಪೆಟ್ರೋಲು ಉರಿದಾಗ ಅದರಲ್ಲಿರುವ ಜಲಜನಕವು ನೀರಾಗುತ್ತದೆಂಬುದು ಶಾಲೆಯ ರಸಾಯನಶಾಸ್ತ್ರ. ಲೆಕ್ಕ ಹಾಕಿದರೆ ಒಂದು ಲೀಟರು ಪೆಟ್ರೋಲಿಗೆ ಹೆಚ್ಚುಕಡಮೆ ಒಂದು ಲೀಟರು ನೀರು. ಕಾದ ಎಂಜಿನ್ನಿನಿಂದ ಅದು ಆವಿಯಾಗಿ ಹೊರಟುಹೋಗುವುದು. ಎರಡು ನಿಮಿಷಕ್ಕೆ ನಿಲ್ಲಿಸಿದ ತಣ್ಣನೆಯ ಎಂಜಿನ್ನಿನಲ್ಲಿಯೂ ಸೈಲೆನ್ಸರಿನಲ್ಲಿಯೂ ಅದು ಹನಿಗಟ್ಟಿ ಉಳಿಯುವುದು, ಅದೂ ದಹನದ ಆಮ್ಲಾಂಶವನ್ನು ಕೂಡಿಕೊಂಡು. ಹೊರಗಿನಿಂದ ಬರುವ ತೇವಕ್ಕೆ ಹೆದರಿ ಒಳಗಿನಿಂದಲೇ ನೀರು ತುಂಬಿದಂತಾಯಿತು. ಮಲಗಿಸಿದ ಮೇಲೆ ಮಲಗಲು ಬಿಡಬೇಕು.

ಮಲಗಿಸುವ ಕ್ರಮದಲ್ಲಿ ಮೊದಲ ವಿಚಾರ ಪೆಟ್ರೋಲಿನದು. ಟ್ಯಾಂಕಿನಲ್ಲಿ ನಿಂತ ಪೆಟ್ರೋಲು ಕೆಲವು ತಿಂಗಳಿಗೇ ಹಳತಾಗುತ್ತದೆ. ಅದರ ಹಗುರವಾದ ಅಂಶಗಳು ಹಾರಿಹೋಗಿ, ಉಳಿದದ್ದು ಗಾಳಿಯೊಡನೆ ಕೂಡಿ ಅಂಟಂಟಾದ ಮೆರುಗೆಣ್ಣೆಯಂತಾಗಿ, ಕಾರ್ಬ್ಯುರೇಟರಿನ ಜೆಟ್ಟುಗಳಲ್ಲಿ ಕೂದಲು ತೂರುವಷ್ಟಿರುವ ರಂಧ್ರಗಳನ್ನು ಮುಚ್ಚುತ್ತದೆ. ಜೆಟ್ಟು ಅರ್ಧ ಮುಚ್ಚಿದ ಟೂ ಸ್ಟ್ರೋಕ್ ಓಡದಿದ್ದರೆ ಪುಣ್ಯ. ಓಡಿದರೆ ಅಪಾಯ ಹೆಚ್ಚು. ಪೆಟ್ರೋಲು ಕಡಮೆಯಾದಂತೆ ಅದರೊಡನೆ ಬರುವ ಎಣ್ಣೆಯೂ ಕಡಮೆಯಾಗಿ, ಉರಿ ಅತಿಯಾಗಿ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಇದರ ಮೇಲೆ ಎಥೆನಾಲಿನ ಉಪದ್ರವ. ಉತ್ತರ ಅಮೆರಿಕದ ಬಹುಪಾಲು ಪೆಟ್ರೋಲಿನಲ್ಲಿ ನೂರಕ್ಕೆ ಹತ್ತು ಪಾಲಿನವರೆಗೆ ಎಥೆನಾಲ್ ಬೆರೆತಿರುತ್ತದೆ. ನಮ್ಮ ಬಂಕುಗಳಲ್ಲಿ ಈಗ ಇಪ್ಪತ್ತರವರೆಗೂ ಬಂದಿರುವುದರಿಂದ, ಮನೆಯಲ್ಲಿ ಹಳೆಯ ಯೆಜ್ಡಿಯನ್ನು ಉಳಿಸಿಕೊಂಡಿರುವವರು ಈ ಮಾತಿಗೆ ಕಿವಿಗೊಡುವುದು ಉಚಿತ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೀರಿಕೊಂಡದ್ದು ಮಿತಿ ಮೀರಿದಾಗ, ವಿಶೇಷವಾಗಿ ತಂಪು ಹೆಚ್ಚಿದಾಗ, ನೀರೂ ಎಥೆನಾಲೂ ಒಟ್ಟಾಗಿ ಪೆಟ್ರೋಲನ್ನು ಬಿಟ್ಟು ಟ್ಯಾಂಕಿನ ತಳಕ್ಕೆ ಇಳಿಯುತ್ತವೆ. ಎಂಜಿನ್ನಿಗೆ ಹೋಗುವ ಕೊಳವೆಯ ಬಾಯಿ ಇರುವುದೂ ತಳದಲ್ಲಿಯೇ. ಆದಕಾರಣ, ಎಥೆನಾಲಿಲ್ಲದ ಪೆಟ್ರೋಲು ದೊರೆಯುವ ಕಡೆ ಅದನ್ನೇ ಟ್ಯಾಂಕು ತುಂಬ ಹಾಕಿಸಿ, ಹಳತಾಗದಂತೆ ತಡೆಯುವ ಸ್ಟೆಬಿಲೈಸರ್ ದ್ರಾವಣವನ್ನು ಅಳತೆಗೆ ಬೆರೆಸಿ, ಅದು ಕಾರ್ಬ್ಯುರೇಟರನ್ನು ಮುಟ್ಟುವವರೆಗೆ ಎಂಜಿನ್ನನ್ನು ಐದು ಹತ್ತು ನಿಮಿಷ ಓಡಿಸಬೇಕು. ಟ್ಯಾಂಕು ತುಂಬಿರಬೇಕೆಂಬುದು ಏಕೆಂದರೆ, ಖಾಲಿ ಜಾಗವಿದ್ದಷ್ಟೂ ತೇವದ ಗಾಳಿಗೆ ಎಡೆಯುಂಟು.

ಈಗ ಮುಖ್ಯವಾದ ಸಂಸ್ಕಾರಕ್ಕೆ ಬರೋಣ. ಉಪ್ಪಿನಕಾಯಿಯ ಭರಣಿಯಲ್ಲಿ ಹೋಳುಗಳ ಮೇಲೆ ಎಣ್ಣೆ ನಿಲ್ಲುವಂತೆ ಸುರಿದು ಗಾಳಿಯನ್ನು ದೂರವಿಡುವ ಗೃಹಿಣಿಯ ಉಪಾಯವೇ ಇಲ್ಲಿಯೂ. ಇದಕ್ಕೆಂದೇ ಫಾಗಿಂಗ್ ಆಯಿಲ್ ಎಂಬ, ಲೋಹಕ್ಕೆ ಅಂಟಿ ನಿಲ್ಲುವ ಎಣ್ಣೆ, ಒತ್ತಿದರೆ ಸಿಂಪರಿಸುವ ಡಬ್ಬಿಗಳಲ್ಲಿ ಸಿಗುತ್ತದೆ. ಬಂಡಿಯನ್ನು ಬಯಲಿಗೆ ತಂದು (ಮುಚ್ಚಿದ ಕೊಟ್ಟಿಗೆಯಲ್ಲಿ ಎಂಜಿನ್ ಹೊಗೆ ಪ್ರಾಣಕ್ಕೇ ಎರವು), ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆತ್ತಿ, ಗಾಳಿಪೆಟ್ಟಿಗೆಯನ್ನು ಕಳಚಿದರೆ ಕಾರ್ಬ್ಯುರೇಟರುಗಳ ಬಾಯಿ ಕಾಣುತ್ತದೆ. ಎಂಜಿನ್ ನಿಧಾನವಾಗಿ ಓಡುತ್ತಿರುವಂತೆಯೇ ಒಂದಾದ ಮೇಲೊಂದರ ಬಾಯಿಗೆ ಎಣ್ಣೆಯನ್ನು ಸಿಂಪರಿಸತೊಡಗಬೇಕು. ಮೊದಲು ಸದ್ದಿನಲ್ಲಿ ಬದಲಾವಣೆಯೇನೂ ತೋರದು. ಅರೆನಿಮಿಷದಲ್ಲಿ ಸೈಲೆನ್ಸರಿನಿಂದ ದಟ್ಟವಾದ ಬಿಳಿಹೊಗೆ ಏಳುತ್ತದೆ. ಎಂಜಿನ್ ತೊದಲುತ್ತದೆ, ಗಂಟಲು ಕಟ್ಟಿದಂತೆ ಗೊರಗುಟ್ಟುತ್ತದೆ. ಹೊಸಬರು ಇಲ್ಲಿ ಗಾಬರಿಯಾಗಿ ಕೈ ಬಿಡುವುದುಂಟು. ಬಿಡಬಾರದು. ಎಣ್ಣೆಯ ಭಾರಕ್ಕೆ ಎಂಜಿನ್ ತಾನೇ ನಿಲ್ಲುವವರೆಗೆ ಸಿಂಪರಿಸಿದಾಗಲೇ ಅದು ಕ್ರ್ಯಾಂಕ್‌ಕೇಸಿನ ಮೂಲೆಮೂಲೆಯನ್ನೂ ತಲುಪಿ, ರೋಲರುಗಳ ಸಂದಿಯಲ್ಲಿ ಇಳಿದಿದೆಯೆಂದು ನಂಬಬಹುದು. ಎಂಜಿನ್ ಆರಿದ ತರುವಾಯ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಅವುಗಳ ತಂತಿಗಳನ್ನು ಎಂಜಿನ್ನಿನ ಮೈಗೆ ತಾಗಿಸಿಟ್ಟು, ಕಿಡಿಯ ಸ್ವಿಚ್ಚು ಆರಿದೆಯೆಂದು ನೋಡಿಕೊಂಡು, ಒಂದೊಂದು ಸಿಲಿಂಡರಿಗೂ ಇನ್ನಷ್ಟು ಎಣ್ಣೆ ಹೊಡೆದು, ಸ್ಟಾರ್ಟರಿನ ಹಗ್ಗವನ್ನು ಮೆಲ್ಲಗೆ ನಾಲ್ಕೈದು ಸಲ ಎಳೆಯಬೇಕು. ಒಣ ಎಂಜಿನ್ನಿನ ಗರಗರ ಹೋಗಿ ಒದ್ದೆಯಾದ ಮೃದುವಾದ ಸದ್ದು ಬಂದರೆ ಕೆಲಸ ಸರಿಯಾಯಿತೆಂದು ಅರ್ಥ. ಪ್ಲಗ್ಗುಗಳನ್ನು ಮರಳಿ ಕೂರಿಸಿ, ಕಾರ್ಬ್ಯುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲನ್ನು ತಳದ ತಿರುಪು ಬಿಚ್ಚಿ ಬಸಿದುಬಿಡಬೇಕು.

ಕಾರ್ಬ್ಯುರೇಟರಿಲ್ಲದ ಹೊಸ ಬಂಡಿಗಳಲ್ಲಿ ಕೆಲವು ಈ ಕೆಲಸವನ್ನು ತಾವೇ ಮಾಡಿಕೊಳ್ಳುತ್ತವೆ. ಗುಂಡಿಗಳನ್ನು ಕ್ರಮವಾಗಿ ಒತ್ತಿದರೆ ಎಣ್ಣೆಯ ಪಂಪು ಹೆಚ್ಚು ಎಣ್ಣೆಯನ್ನು ಎಂಜಿನ್ನಿಗೆ ಕುಡಿಸಿ, ತಾನಾಗಿಯೇ ನಿಲ್ಲಿಸುತ್ತದೆ. ಕೈಯಿಂದ ಮಾಡುವ ವಿಧಾನದ ಮೇಲೆ ನನಗೆ ಪಕ್ಷಪಾತವಿದ್ದರೂ, ಈ ಏರ್ಪಾಡು ಒಳ್ಳೆಯದೆಂದು ಒಪ್ಪಲೇಬೇಕು. ಮರೆಗುಳಿಯಾದ ಒಡೆಯನಿಗಿಂತ ಎಚ್ಚರವುಳ್ಳ ಪಂಪು ಮೇಲು. ಫೋರ್ ಸ್ಟ್ರೋಕ್ ಎಂಜಿನ್ನಿನ ಹಿಮಬಂಡಿಗಳೂ ಈಗ ಇವೆ; ಅವುಗಳಿಗೆ ಹಳೆಯ ಎಣ್ಣೆಯನ್ನು ಬೇಸಗೆಯ ಮುನ್ನವೇ ಬದಲಾಯಿಸತಕ್ಕದ್ದು, ಏಕೆಂದರೆ ದುಡಿದ ಎಣ್ಣೆಯಲ್ಲಿ ಆಮ್ಲ ಸೇರಿರುತ್ತದೆ.

ಇನ್ನು ಇಲಿಗಳು. ಹಳ್ಳಿಗಾಡಿನ ಕೊಟ್ಟಿಗೆಯೊಂದರಲ್ಲಿ ಶರತ್ಕಾಲದಲ್ಲಿ ತೆರೆದ ಗಾಳಿಪೆಟ್ಟಿಗೆಯನ್ನು ನಾನು ನೋಡಿದೆ. ಆಸನದಿಂದ ಕಿತ್ತುತಂದ ಹಳದಿ ಫೋಮಿನ ಚೂರುಗಳು, ಒಣಹುಲ್ಲು, ಯಾರದೋ ಉಣ್ಣೆಯ ಕೈಗವಸಿನ ನೂಲು, ಇಷ್ಟನ್ನು ನೇಯ್ದು ಮಾಡಿದ ದುಂಡಗಿನ ಗೂಡು. ಅದರ ಪಕ್ಕದಲ್ಲಿ ಚಳಿಗಾಲಕ್ಕೆಂದು ಕೂಡಿಟ್ಟ ಬೀಜಗಳ ಅಚ್ಚುಕಟ್ಟಾದ ರಾಶಿ. ಗೃಹಕೃತ್ಯದಲ್ಲಿ ಅದು ಪ್ರಶಂಸಾರ್ಹವೇ; ಆದರೆ ಹಾಗೆಯೇ ಎಂಜಿನ್ ಓಡಿಸಿದ್ದರೆ ಅದೆಲ್ಲವೂ ಉಸಿರಿನೊಡನೆ ಎಂಜಿನ್ನಿನ ಹೊಟ್ಟೆಗೇ ಹೋಗುತ್ತಿತ್ತು. ಸೈಲೆನ್ಸರಿನ ಬಾಯಿಗೂ ಗಾಳಿಪೆಟ್ಟಿಗೆಯ ಬಾಯಿಗೂ ಬಟ್ಟೆ ತುರುಕಿದರೆ ಇಲಿಗೂ ತಡೆ, ತೇವದ ಗಾಳಿಗೂ ತಡೆ. ಇಲಿ ಬಟ್ಟೆಯನ್ನು ಕಡಿಯುವ ಕಡೆ ಉಕ್ಕಿನ ನಾರೇ ಲೇಸು. ತುರುಕಿದ್ದನ್ನು ತೆಗೆಯಲು ಮರೆಯದಂತೆ ಹ್ಯಾಂಡಲ್ಲಿಗೆ ಒಂದು ಚೀಟಿ ಕಟ್ಟುವುದು ಅನುಭವಸ್ಥರ ವಾಡಿಕೆ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನೀರಿನಿಂದ ತಂಪಾಗುವ ಎಂಜಿನ್ನಿನ ಕೂಲೆಂಟ್ ಹಳೆಯದಾಗಿದ್ದರೆ ಬದಲಾಯಿಸಬೇಕು. ಗ್ಲೈಕಾಲ್ ಹೆಪ್ಪುಗಟ್ಟುವುದನ್ನು ತಡೆದರೂ, ಒಳಗಿನ ತುಕ್ಕುನಿವಾರಕ ಅಂಶಗಳು ವರ್ಷಗಳು ಕಳೆದಂತೆ ಕ್ಷಯಿಸುತ್ತವೆ. ಬ್ಯಾಟರಿಯನ್ನು ಬಿಚ್ಚಿ ಪೂರ್ಣ ಚಾರ್ಜು ಮಾಡಿಡಬೇಕು. ಎಂಜಿನ್ನಿನ ಬಲವನ್ನು ಪಟ್ಟಿಗೆ ಸಾಗಿಸುವ ಡ್ರೈವ್ ಬೆಲ್ಟನ್ನು ತೆಗೆದಿಟ್ಟರೆ ಅದು ಒಂದೇ ಬಾಗಿಗೆ ಸೆಟೆಯದು, ಕ್ಲಚ್ಚಿನ ತಟ್ಟೆಗಳ ನಡುವೆ ತೇವವೂ ನಿಲ್ಲದು. ಆ ತಟ್ಟೆಗಳಿಗೆ ಮಾತ್ರ ಎಣ್ಣೆಯ ಸೋಂಕು ಕೂಡದು, ಬೆಲ್ಟು ಜಾರುತ್ತದೆ. ಗ್ರೀಸು ಹಾಕುವ ಕಡೆಯೆಲ್ಲ ಹಳೆಯ ಗ್ರೀಸೂ ನೀರೂ ಹೊರಬೀಳುವವರೆಗೆ ಹೊಸದನ್ನು ಒತ್ತಬೇಕು. ಮಣ್ಣುನೆಲದ ಕೊಟ್ಟಿಗೆಯಾದರೆ ಬಂಡಿಯ ಕೆಳಗೆ ಹಲಗೆ ಹಾಸಬೇಕು. ಹೊದಿಕೆಯ ವಿಷಯದಲ್ಲಿ ಎಲ್ಲರೂ ತಪ್ಪುವುದು ಪ್ಲಾಸ್ಟಿಕ್ ತಾಡಪಾಲಿನಿಂದ: ಮಳೆಯನ್ನು ತಡೆಯುವ ಅದು ನೆಲದಿಂದ ಎದ್ದ ಆವಿಯನ್ನೂ ಹೊರಬಿಡದೆ ಒಳಗೇ ಹನಿಯಾಗಿಸುತ್ತದೆ. ಗಾಳಿಯಾಡುವ ದಪ್ಪಬಟ್ಟೆಯ ಮುಸುಕೇ ಸರಿ.

ನವೆಂಬರಿನಲ್ಲಿ ಬಂಡಿಯನ್ನು ಎಬ್ಬಿಸುವಾಗ, ಚೀಟಿಯನ್ನು ಓದಿ, ತುರುಕಿದ್ದನ್ನು ತೆಗೆದು, ಪ್ಲಗ್ಗುಗಳನ್ನು ಬಿಚ್ಚಿ ಹಗ್ಗವನ್ನೆಳೆದು, ಹೆಚ್ಚಾದ ಎಣ್ಣೆ ಹೊರಚಿಮ್ಮಲು ಅವಕಾಶ ಕೊಡಬೇಕು. ಮೊದಲ ಸಲ ಎಂಜಿನ್ ಹತ್ತಿಕೊಂಡಾಗ ಕಾಲು ಗಂಟೆಯವರೆಗೂ ಹೊಗೆ ಮುಸುಕೀತು; ನೆರೆಯವರು ಇಣುಕಿ ನೋಡಿಯಾರು; ಅದು ಬೇಸಗೆಯ ಎಣ್ಣೆ ಉರಿದುಹೋಗುವ ಹೊಗೆಯೇ ಹೊರತು ರೋಗಲಕ್ಷಣವಲ್ಲ. ಎಣ್ಣೆಯಲ್ಲಿ ಮಿಂದ ಹಳೆಯ ಪ್ಲಗ್ಗುಗಳು ಆಮೇಲೆ ಸರಿಯಾಗಿ ಕಿಡಿ ಕೊಡದಿರುವುದರಿಂದ, ಹೊಗೆ ತಿಳಿಯಾದ ಮೇಲೆ ಹೊಸವನ್ನು ಹಾಕಬೇಕು. ಅವುಗಳ ಬೆಲೆ ಅಲ್ಪ. ತೆಗೆದಿಟ್ಟ ಬೆಲ್ಟನ್ನು ಮರಳಿ ತೊಡಿಸುವಾಗ, ಅದರ ಮೇಲೆ ಅಚ್ಚಾಗಿರುವ ಬಾಣದ ಗುರುತು ಮೊದಲು ಯಾವ ಕಡೆಗೆ ತಿರುಗುತ್ತಿತ್ತೋ ಆ ಕಡೆಗೇ ಇರುವಂತೆ ನೋಡಿಕೊಳ್ಳತಕ್ಕದ್ದು.